ಅಟ್ಟ ಬರಿದು

ನಮ್ಮ ಬುಗಿಸ್ ಜನರಲ್ಲಿ ಮನೆ ಬೇರೆ, ನೆಲ ಬೇರೆ. ನೆಲ ಒಬ್ಬರದಾಗಿ, ಅದರ ಮೇಲೆ ಕಂಬಗಳ ಮೇಲೆ ನಿಂತ ಮರದ ಮನೆ ಇನ್ನೊಬ್ಬರದಾಗಿರುವುದು ಹೊಸದೇನಲ್ಲ. ಹಾಗಾಗಿ ಹಾಜಿ ಮಸ್ಸೆರೆ ತನ್ನ ತಮ್ಮನ ಹೆಂಡತಿ ಹಮ್ಸಿನಾಳ ಏಣಿಯ ಬುಡದಲ್ಲಿ ನಿಂತು, "ಮನೆ ನಿಂದೇ ಕಣಮ್ಮ, ಯಾರು ಅಲ್ಲ ಅಂದ್ರು? ಎತ್ಕೊಂಡು ಹೋಗು" ಎಂದದ್ದು ಕುಹಕವೇನೂ ಅಲ್ಲ. ಊರ ಗಂಡಸರೆಲ್ಲ ಬಂದು ಕಂಬಗಳಿಗೆ ಬಿದಿರು ಬಿಗಿದು ಹೆಗಲು ಕೊಟ್ಟರೆ ನಮ್ಮ ಮನೆಗಳು ಇದ್ದ ಹಾಗೇ ಎದ್ದು ನಡೆಯುತ್ತವೆ. ಎದುರು ಮನೆಯ ಏಣಿಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದ ನನಗೆ ಮೈ ಉರಿದದ್ದು ಆ ಮಾತಿಗಲ್ಲ, ಆಡಿದ ಹೊತ್ತಿಗೆ. ಹಮ್ಸಿನಾಳ ಗಂಡ ಲಾ ಸಾಕಾ ಸತ್ತು ನಲವತ್ತನೆಯ ದಿನದ ಫಾತಿಹಾ ಓದಿಸುವುದು ಕೂಡ ಆಗಿರಲಿಲ್ಲ.

"ಭಾವ, ಮಾವ ನಮ್ಮ ಮದುವೇಲಿ ಎಲ್ಲರ ಮುಂದೆ ಹೇಳಿದ್ರು, ಈ ಕಂಬಗಳು ಇಲ್ಲೇ ಇರ್ಲಿ ಅಂತ" ಎಂದಳು ಹಮ್ಸಿನಾ.

"ಹೇಳಿದ್ರು, ನಂಗೂ ನೆನಪಿದೆ. ಆದ್ರೆ ನೆಲದ ಪಟ್ಟಾ ಮಾಡೋಕೆ ಅಳತೆಯವರು ಬಂದಾಗ ನಿನ್ನ ಗಂಡ ಎಲ್ಲಿದ್ದ? ನಾನು ಕರೆದೆ. ಗದ್ದೇಲಿ ನೀರು ಕಟ್ಬೇಕು, ನೀನೇ ನೋಡ್ಕೋ ಅಣ್ಣ ಅಂದ. ನೋಡ್ಕೊಂಡೆ, ನೆಲ ನನ್ನ ಹೆಸರಿಗೆ ಬಂತು. ಈಗ ಇಲ್ಲಿ ಭತ್ತ ಒಣಗ್ಸೋಕೆ ಸಿಮೆಂಟ್ ಕಣ ಮಾಡ್ಬೇಕು. ಮಳೆ ಬರೋ ಮುಂಚೆ."

ಹಾಜಿ ಕೆಟ್ಟವನಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ. ಕೆಟ್ಟವನಾಗಿದ್ದರೆ ಒಂದು ಶಾಪ ಹಾಕಿ ಸುಮ್ಮನಾಗಬಹುದಿತ್ತು. ತಮ್ಮ ಕಾಯಿಲೆಯಿಂದ ಮಲಗಿದಾಗ ಅವನೇ ತನ್ನ ಗಾಡಿಯಲ್ಲಿ ಆಸ್ಪತ್ರೆಗೆಂದು ಮಕಸ್ಸರ್‌ವರೆಗೆ ಕರೆದುಕೊಂಡು ಹೋಗಿದ್ದ. ಹೆಣ ತಂದವನೂ ಅವನೇ. ಲೆಕ್ಕದಲ್ಲಿ ಮಾತ್ರ ಅವನು ಯಾರ ಮುಖವನ್ನೂ ನೋಡುವವನಲ್ಲ.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ಆ ದಿನ ನಮಗೆ ಯಾರಿಗೂ ಗೊತ್ತಿರದಿದ್ದದ್ದು ನಿಮಗಾದರೂ ಗೊತ್ತಿರಲಿ. ಹಮ್ಸಿನಾಳ ಮನೆಯ ಅಟ್ಟದಲ್ಲಿ ಭತ್ತವಿತ್ತು.

ಲಾ ಸಾಕಾ ಅಣ್ಣನ ಗದ್ದೆಯನ್ನೇ ಪಾಲಿಗೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ನೆಲದವನಿಗೆ, ಅರ್ಧ ದುಡಿದವನಿಗೆ. ಅವನು ಸತ್ತಾಗ ತೆನೆಯಲ್ಲಿ ಹಾಲು ತುಂಬುತ್ತಿತ್ತು. ಆ ವರ್ಷ ಕಂದು ಜಿಗಿಹುಳು ಬಿದ್ದು ಬಯಲಿನ ಎಷ್ಟೋ ಗದ್ದೆಗಳು ಸುಟ್ಟ ಹಾಗೆ ಆಗಿದ್ದವು. ಹಮ್ಸಿನಾಳ ಗದ್ದೆಯ ದಾರಿ ಬದಿಯೂ ಹಾಗೇ ಆಗಿತ್ತು, ಕಾಲುವೆ ಕಡೆಯದು ಉಳಿದಿತ್ತು. ಕೊಯ್ಲಿನ ವಾರ ಹಾಜಿ ಮಗಳ ಮದುವೆಗೆಂದು ಮಕಸ್ಸರ್‌ನಲ್ಲಿದ್ದ. ಹಮ್ಸಿನಾ ಮತ್ತು ಅವಳ ಮಗಳು ತೆನ್ರಿ ಇಬ್ಬರೇ ಕೊಯ್ದು, ಬಡಿದು, ಹುಲ್ಲಿನ ಹೊರೆಯೊಳಗೆ ಮುಚ್ಚಿಟ್ಟುಕೊಂಡು ಮನೆಗೆ ತಂದು ಅಟ್ಟಕ್ಕೇರಿಸಿದರು. ಹಾಜಿ ಬಂದಾಗ ಎರಡು ಮೂಟೆ ಕೊಟ್ಟು, "ಜಿಗಿಹುಳು ತಿಂದು ಉಳಿದದ್ದು ಇಷ್ಟೇ ಭಾವ, ನಿಮ್ಮ ಪಾಲು" ಎಂದಳು. ಅವನು ನಂಬಿದ. ನಾವೂ ನಂಬಿದೆವು. ಗಂಡ ಸತ್ತ ಮೇಲೆ ಗದ್ದೆ ಕೈಬಿಟ್ಟು ಹೋಗುತ್ತಿತ್ತು, ಮುಂದಿನ ವರ್ಷ ತಿನ್ನಲು ಅವರಿಬ್ಬರಿಗೆ ಇದ್ದದ್ದು ಅದೊಂದೇ.

ಮನೆ ಹೋಗಬೇಕಾದ ಜಾಗ ಕಾಲುವೆಯ ಆಚೆ, ತೀರಿಹೋದ ಅವಳ ತಾಯಿಯ ಹಿತ್ತಲು. ಅಲ್ಲಿ ಅವಳ ತಮ್ಮ ಬೆದ್ದು ಹೆಂಡತಿ ಕಮಾರಿಯಾಳ ಜೊತೆ ಇದ್ದ. ಬೆದ್ದು ನಗಿಸಿಯೇ ಕೆಲಸ ಮಾಡಿಸುವವನು. ಮನೆಮನೆಗೆ ಹೋಗಿ, "ಶುಕ್ರವಾರ ನಮಾಜ್ ಮುಗಿಸ್ಕೊಂಡು ಬನ್ನಿ, ನಮ್ಮಕ್ಕನ್ನ ತವರಿಗೆ ಕರ್ಕೊಂಡು ಬರ್ಬೇಕು. ಒಬ್ಳೇ ಬರಲ್ವಂತೆ, ಮನೆ ಹೊತ್ಕೊಂಡೇ ಬರ್ತಾಳಂತೆ" ಎಂದು ಕರೆದು ಬಂದ.

ಭತ್ತವನ್ನು ಮೊದಲೇ ಇಳಿಸಿ ಸಾಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ, ಎಲ್ಲ ಮುಗಿದ ಮೇಲೆ. ಮನೆ ಏಳುವ ದಿನ ಗೊತ್ತಾದ ಕೂಡಲೇ ಹಾಜಿ ಸಿಮೆಂಟಿನ ಚೀಲಗಳನ್ನು ತಂದು ಅದೇ ಮನೆಯ ಕೆಳಗೆ, ಕಂಬಗಳ ನಡುವೆ ಪೇರಿಸಿದ್ದ. ಕಾವಲಿಗೆ ಇಬ್ಬರು ಆಳುಗಳು ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದರು. ಬಿದಿರಿನ ನೆಲದ ಸಂದಿಯಿಂದ ಒಂದು ಕಾಳು ಉದುರಿದರೂ ಅವರ ತಲೆ ಮೇಲೆ ಬೀಳಬೇಕು.

ಶುಕ್ರವಾರ ನಮ್ಮ ಮನೆಯ ಕೆಳಗೇ ಅಡುಗೆ. ಹೆಂಗಸರೆಲ್ಲ ಸೇರಿ ದೊಡ್ಡ ಹಂಡೆಗಳಲ್ಲಿ ಅನ್ನ ಮಾಡಿದೆವು. ಮೀನಿನ ಹುಳಿ ಕುದಿಯುತ್ತಿತ್ತು. ಬಾಳೆಹಣ್ಣು ಅರೆದು ಎಲೆಯಲ್ಲಿ ಕಟ್ಟಿ ಬೇಯಿಸುವ ಕೆಲಸ ನನ್ನದು. ಮನೆ ಹೊಸ ಜಾಗದಲ್ಲಿ ಕೂತ ಮೇಲೆ ಎಲ್ಲರೂ ಉಣ್ಣಬೇಕು. ಬೆಳಗಿನಿಂದಲೇ ತೆನ್ರಿ ಪಾತ್ರೆ, ಚಾಪೆ, ಪೆಟ್ಟಿಗೆ ಎಲ್ಲ ಕೆಳಗಿಳಿಸುತ್ತಿದ್ದಳು. ಹಾಜಿ ಮಾವಿನ ಮರದಡಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಿಳಿ ಟೋಪಿ ತೊಟ್ಟು, ಇಳಿದದ್ದನ್ನೆಲ್ಲ ನೋಡುತ್ತಾ ಕೂತಿದ್ದ. ನೆಲ ಅವನದು, ತೆರವಾಗುವುದನ್ನು ನೋಡುವ ಹಕ್ಕು ಅವನಿಗಿತ್ತು. ಹಾಗಂತ ನಾನೇನೂ ಅವನಿಗೆ ಚಹಾ ಕೊಡಲಿಲ್ಲ.

ನಮಾಜ್ ಮುಗಿದು ಗಂಡಸರು ಬಂದರು. ಆಳುಗಳು ಸಿಮೆಂಟ್ ಚೀಲಗಳನ್ನು ಬದಿಗೆ ಸರಿಸಿದರು, ಉಳಿದವರು ಬಿದಿರು ಬಿಗಿದರು. ಮನೆ ಎತ್ತಿಸುವ ಹಿರಿಯ ಅಂಬೊ ತುವೊ ಸುತ್ತ ಒಂದು ಸಲ ನಡೆದು, ನಡುಗಂಬವನ್ನು ಅಂಗೈಯಿಂದ ತಟ್ಟಿ ಏಣಿಯ ಕೆಳಗೆ ನಿಂತ. ಮನೆಯ ಹೆಂಗಸು ಏಣಿಯ ಮೇಲೆ ನಿಂತು ಅವನಿಗೆ ಉತ್ತರ ಕೊಡಬೇಕು. ಅವಳು ಹೇಳಿದ ಮೇಲೆ ಯಾರೂ ಒಳಗೆ ಹೋಗಿ ನೋಡುವ ಹಾಗಿಲ್ಲ. ನೋಡಿದರೆ ಅವಳನ್ನು ಸುಳ್ಳಿ ಎಂದ ಹಾಗೆ.

"ಒಲೆ ಆರಿದೆಯೇನಮ್ಮಾ?"

"ಆರಿದೆ."

"ಒಳಗೆ ಉಸಿರಾಡೋದು ಏನಾದ್ರೂ ಇದೆಯಾ?"

"ಇಲ್ಲ."

"ಅಟ್ಟ ಬರಿದಾ?"

ಹಮ್ಸಿನಾ ಮಾವಿನ ಮರದ ಕಡೆ ನೋಡಲಿಲ್ಲ. ನೇರವಾಗಿ ಅಂಬೊ ತುವೊನನ್ನೇ ನೋಡಿ, "ಅಟ್ಟ ಬರಿದು" ಎಂದಳು.

ಅವಳು ಇಳಿದು, ಒಲೆ ಆರಿಸುವ ಮುಂಚೆ ತೆಗೆದಿಟ್ಟ ಕೆಂಡದ ಮಡಕೆ ಹಿಡಿದು ಮುಂದೆ ನಿಂತಳು. ಮನೆಯ ಹೆಂಗಸು ಹೀಗೆ ಕೆಂಡ ಹಿಡಿದು ಮುಂದೆ ನಡೆಯಬೇಕು, ಹಿಂದಿನಿಂದ ಮನೆ ಬರಬೇಕು. ಅಂಬೊ ತುವೊ ಕೂಗು ಹಾಕಿದ. ಗಂಡಸರೆಲ್ಲ ಒಟ್ಟಿಗೆ ಹೆಗಲು ಕೊಟ್ಟರು. ಮನೆ ಕಿರ್ರೆಂದಿತೇ ಹೊರತು ಮೇಲೇಳಲಿಲ್ಲ. ಎರಡನೆಯ ಕೂಗಿಗೂ ಏಳಲಿಲ್ಲ.

"ಇದೇನ್ ಬೆದ್ದು, ನಿಮ್ಮಕ್ಕನ ಮನೆ ಗಂಡನ ಮನೆ ಬಿಟ್ಟು ಬರಲ್ಲ ಅಂತಿದೆ" ಎಂದ ಯಾರೋ.

ಹಿಂದಿನ ಎಡ ಮೂಲೆಯ ಬಿದಿರಿಗೆ ಹೆಗಲು ಕೊಟ್ಟಿದ್ದ ಬೆದ್ದು, "ಬರ್ತದೆ ಬರ್ತದೆ. ಹೊಸ ಮದುವಣಗಿತ್ತಿ, ಸ್ವಲ್ಪ ಬಿಂಕ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

"ಹಳೇ ಮರ, ಎಷ್ಟೋ ವರ್ಷದ ಮಳೆ ಕುಡಿದು ಭಾರ ಆಗಿದೆ" ಎಂದ ಅಂಬೊ ತುವೊ. "ಇನ್ನೊಂದಷ್ಟು ಜನ ಬನ್ನಿ."

ಆಗ ಹಮ್ಸಿನಾ ತಿರುಗಿ ನೋಡಿದಳು. ಬಾಯಿ ತೆರೆದದ್ದನ್ನು ನಾನು ಕಂಡೆ. ಮನೆಯ ಹಿಂದೆ ಹಾಜಿ ಕುರ್ಚಿಯಿಂದ ಎದ್ದು, ಕೊಡೆ ಬಿಚ್ಚಿಕೊಂಡು ಮೆರವಣಿಗೆಯ ಜೊತೆ ಬರಲು ಸಿದ್ಧನಾಗುತ್ತಿದ್ದ. ಅವಳು ಬಾಯಿ ಮುಚ್ಚಿ ಮುಂದಕ್ಕೆ ತಿರುಗಿದಳು. ಮೂರನೆಯ ಕೂಗಿಗೆ ಮನೆ ಎದ್ದಿತು.

ಸಪಾಟು ದಾರಿಯಲ್ಲಿ ಚೆನ್ನಾಗಿಯೇ ಬಂದಿತು. ಗಂಡಸರು ಹಾಡಿಕೊಂಡು, ಬೈದುಕೊಂಡು ನಡೆದರು. ಕಾಲುವೆಯ ಮೋರಿ ಹತ್ತುವ ಕಡೆ ದಾರಿ ಏರು. ಮುಂದಿನವರು ಏರಿ ಮನೆಯ ಮೂತಿ ಮೇಲಕ್ಕೆದ್ದಿತು. ಒಳಗೆ, ಮೇಲೆಲ್ಲೋ, ಏನೋ ಸರಿದ ಸದ್ದು. ಮೊದಲು ಒಂದು, ಆಮೇಲೆ ಒಂದರ ಹಿಂದೆ ಒಂದು. ಅಂಬೊ ತುವೊ "ನಿಲ್ಲಿ" ಎಂದು ಕಿರುಚುವಷ್ಟರಲ್ಲಿ ಮೂಟೆಗಳೆಲ್ಲ ಹಿಂದಿನ ಎಡ ಮೂಲೆಗೆ ಬಂದು ಬಿದ್ದಿದ್ದವು. ಬಿದಿರು ಸೀಳಿತು. ಹತ್ತಿರದವರು ಪಕ್ಕಕ್ಕೆ ಹಾರಿಕೊಂಡರು. ಬೆದ್ದು ಹಾರಲಿಲ್ಲ. ಬಿಟ್ಟರೆ ಅಕ್ಕನ ಮನೆ ಹೋಯಿತು ಅಂದುಕೊಂಡನೋ ಏನೋ, ಬಿದಿರನ್ನು ಅವುಚಿಕೊಂಡೇ ಇದ್ದ. ಮೂಲೆಯ ಕಂಬ ಅವನ ಎದೆಯ ಮೇಲೆ ಕೂತಿತು.

ಆಮೇಲೆ ಭತ್ತ ಸುರಿಯಿತು. ಅಟ್ಟದ ಹಲಗೆ ಮುರಿದು, ಬಿದಿರಿನ ನೆಲದ ಸಂದಿಗಳಿಂದ ಧಾರೆಧಾರೆಯಾಗಿ, ಕೆಳಗಿದ್ದವರ ತಲೆ ಮೇಲೆ, ಬೆದ್ದುವಿನ ಮುಖದ ಮೇಲೆ. ಅವನ ಬಾಯಿಯಿಂದ ಕಾಳು ತೆಗೆಯುತ್ತಾ ಹಮ್ಸಿನಾ, "ಉಗುಳೋ, ಉಗುಳೋ ಮರಿ" ಎನ್ನುತ್ತಿದ್ದಳು. ಕೆಂಡದ ಮಡಕೆ ದಾರಿಯಲ್ಲಿ ಒಡೆದು ಬಿದ್ದಿತ್ತು.

ಮೊದಲು ಓಡಿ ಬಂದು ಆ ಕಂಬಕ್ಕೆ ಹೆಗಲು ಕೊಟ್ಟವನು ಹಾಜಿ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಟೋಪಿ ಕೆಸರಿಗೆ ಬಿತ್ತು, ವಯಸ್ಸಾದ ಮನುಷ್ಯ, ಕತ್ತಿನ ನರ ಉಬ್ಬಿ ಬಂದಿತ್ತು. ಅವನ ಹಿಂದೆ ಉಳಿದವರೂ ಬಂದರು. ಬೆದ್ದುವನ್ನು ಎಳೆದು ಹೊರಗೆ ಹಾಕಿದಾಗ ಉಸಿರಿತ್ತು. ಗಾಡಿ ತರುವಷ್ಟರಲ್ಲಿ ಇರಲಿಲ್ಲ.

ಹಾಜಿ ಎದ್ದು ನಿಂತು ಭುಜ ಒರೆಸಿಕೊಂಡ. ಅಂಗೈಗೆ ಭತ್ತ ಅಂಟಿತ್ತು. ಒಂದು ಕಾಳನ್ನು ಹಲ್ಲಿನಲ್ಲಿ ಒಡೆದು ನೋಡಿದ. ಹಮ್ಸಿನಾಳನ್ನು ನೋಡಿದ.

ಸಂಜೆಯೊಳಗೆ ಮಣ್ಣು ಮಾಡಿದೆವು. ಮನೆ ಹೊತ್ತವರಿಗೆಂದು ಬೇಯಿಸಿದ ಅಡುಗೆಯನ್ನೇ ಮಣ್ಣು ಹಾಕಿ ಬಂದವರಿಗೆ ಬಡಿಸಿದೆ. ಅನ್ನ ಇನ್ನೂ ಬಿಸಿಯಾಗಿತ್ತು. ಬಾಳೆಹಣ್ಣಿನ ಎಲೆಗಟ್ಟುಗಳನ್ನು ಮಾತ್ರ ಯಾರೂ ಬಿಚ್ಚಲಿಲ್ಲ.

ಮೂರನೆಯ ದಿನ ಹಾಜಿ ಬಂದ, ಅಳೆಯುವ ಡಬ್ಬ ಹಿಡಿದ ಆಳಿನ ಜೊತೆ. ಹಮ್ಸಿನಾ ಮತ್ತು ತೆನ್ರಿ ದಾರಿಯ ಭತ್ತವನ್ನು ಗುಡಿಸಿ ಗುಡ್ಡೆ ಮಾಡಿದ್ದರು. ಮೋರಿಯ ಬಳಿ ವಾರೆಯಾಗಿ ನಿಂತಿದ್ದ ಮನೆಯೊಳಗೇ ಅವರಿಬ್ಬರೂ ಇದ್ದರು. ನಾನು ಗಂಜಿ ತಂದಿದ್ದೆ.

"ಪೂರ್ತಿ ತಗೊಂಡು ಹೋಗಿ ಭಾವ" ಎಂದಳು ಹಮ್ಸಿನಾ.

"ನಿನ್ನ ಪಾಲು ನಂಗ್ಯಾಕೆ?" ಎಂದ ಹಾಜಿ. "ಅರ್ಧ ನಂದು. ಅವತ್ತು ಕೊಟ್ಟ ಎರಡು ಮೂಟೆ ಕಳೀತೀನಿ."

"ಕೇಳಿದ್ರೆ ನೀವು ಬಿಟ್ಟುಕೊಡ್ತಿದ್ರಾ?"

ಹಾಜಿ ಯೋಚಿಸಿದ. ಸುಳ್ಳು ಹೇಳುವವನಲ್ಲ ಅವನು. "ಇಲ್ಲ" ಎಂದ. "ಪಾಲು ಪಾಲೇ. ಆದ್ರೆ ಎಲ್ಲರ ಮುಂದೆ ಅಳೀತಿದ್ದೆ, ಅಟ್ಟದ ಭತ್ತ ಇಳೀತಿತ್ತು. ನಿನ್ನ ತಮ್ಮ ಬದುಕಿರ್ತಿದ್ದ."

ನನಗೆ ತಡೆಯಲಾಗಲಿಲ್ಲ. "ಹಾಜಿಗಳೇ, ಮಣ್ಣಿನ ಹಸಿ ಆರಿಲ್ಲ, ಮನೆಗೆ ಹೋಗಿ" ಎಂದೆ. ಅವನು ಹೋದ, ತನ್ನ ಅರ್ಧ ತುಂಬಿಸಿಕೊಂಡು. ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಅವತ್ತೇ ಹಮ್ಸಿನಾ ನನಗೆ ಎಲ್ಲ ಹೇಳಿದ್ದು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಅವಳ ಮೇಲೂ ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ನನ್ನ ಕಿವಿಯಲ್ಲಿ ಒಂದು ಮಾತು ಹಾಕಿದ್ದರೆ ಆಗುತ್ತಿತ್ತಲ್ಲ. ಹಾಜಿಯ ಎದುರು ಸುಳ್ಳಿಯಾಗುವುದಕ್ಕೆ ಹೆದರಿ ತಮ್ಮನ ಹೆಗಲಿಗೆ ಅಷ್ಟು ಭಾರ ಹೊರಿಸಿದಳಲ್ಲ.

ಉಳಿದ ಅರ್ಧವನ್ನು ಅವಳು ಮನೆಯಲ್ಲಿಡಲಿಲ್ಲ. ಅಕ್ಕಿ ಮಾಡಿಸಿ, ಬೆದ್ದುವಿನ ಏಳನೆಯ ದಿನಕ್ಕೆ ಅಷ್ಟನ್ನೂ ಬೇಯಿಸಿ ಊರಿಗೆಲ್ಲ ಹಾಕಿದಳು. ನಾನೂ ಉಂಡೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಹೇಳಲಾರೆ. ಒಳ್ಳೆಯ ಅಕ್ಕಿ, ಲಾ ಸಾಕಾನ ಕೈಯ ಬೆಳೆ.

ಊಟ ಮುಗಿದ ಮೇಲೆ ಕಮಾರಿಯಾ ಎಲ್ಲರ ಮುಂದೆ ಹೇಳಿದಳು. "ಅತ್ತಿಗೆ, ನೀವು ಬನ್ನಿ, ತೆನ್ರಿ ಬರ್ಲಿ, ನನ್ನ ಮನೇಲೇ ಇರಿ. ಆದ್ರೆ ಆ ಮನೆ ನನ್ನ ಹಿತ್ತಲಿಗೆ ಬರೋದು ಬೇಡ. ದಿನಾ ಆ ಕಂಬ ನೋಡ್ಕೊಂಡು ನಾನು ನೀರು ಸೇದಕ್ಕಾಗಲ್ಲ."

ಅದು ತಪ್ಪೆಂದು ಯಾರು ಹೇಳಿಯಾರು? ಹಮ್ಸಿನಾ ಕೈ ತೊಳೆದುಕೊಂಡು ಬಂದು ವಾರೆ ಮನೆಗೆ ಹತ್ತಿದಳು.

ಕಾಲುವೆಗೆ ನೀರು ಬಿಡುವ ಕಾಲ ಬಂದಿತು. ಕಾಲುವೆ ದಂಡೆ ಸರ್ಕಾರದ್ದು, ಮನೆ ತೆಗೆಯಬೇಕು ಎಂದು ನೀರಾವರಿಯವರು ಬಂದು ಹೇಳಿ ಹೋದರು. ಊರಿನ ಕೊನೆಯಲ್ಲಿ ಗೋರಿಗಳ ಪಕ್ಕದ ಬೀಳು ಯಾರದೂ ಅಲ್ಲ, ಅಲ್ಲಿಗೆ ಸಾಗಿಸಿಕೊಳ್ಳಲಿ ಎಂದು ಇಮಾಮರು ಒಪ್ಪಿದರು. ಮರದ ಮನೆ ಬಿಚ್ಚಬಹುದು, ಆದರೆ ಬಿಚ್ಚಿದ ಹಳೇ ಮರ ಮತ್ತೆ ಜೋಡಿಸಿದರೆ ನಿಲ್ಲುವುದಿಲ್ಲ. ಹಮ್ಸಿನಾ ಮನೆಮನೆಗೆ ಹೋದಳು, ತಮ್ಮ ಹೋಗಿದ್ದ ಹಾಗೆಯೇ. "ಶುಕ್ರವಾರ ನಮಾಜ್ ಮುಗಿಸ್ಕೊಂಡು ಬನ್ನಿ" ಎಂದಳು. ಎಲ್ಲರೂ "ನೋಡೋಣಮ್ಮಾ" ಎಂದರು. ಅಂಬೊ ತುವೊ ಮಾತ್ರ ಬಾಗಿಲಲ್ಲೇ ಕೇಳಿದನಂತೆ, "ಇನ್ನು ನಾನು ಏಣಿ ಕೆಳಗೆ ನಿಂತು ಕೇಳಿದ್ರೆ ಯಾರು ನಂಬ್ತಾರಮ್ಮ? ನಿನ್ನ ಮನೇದೊಂದೇ ಅಲ್ಲ, ಯಾರ ಮನೇದಾದ್ರೂ."

ಶುಕ್ರವಾರ ನಾನು ಒಂದು ಹಂಡೆ ಅನ್ನ ಇಟ್ಟುಕೊಂಡು ಹೋದೆ. ಮೊಣಕಾಲು ನೋವಿನ ನನ್ನ ಗಂಡ ಬಂದಿದ್ದ. ಸ್ವಲ್ಪ ಹೊತ್ತಿಗೆ ಹಾಜಿ ಬಂದ, ಟೋಪಿ ತೆಗೆದು ಜೇಬಿಗೆ ಹಾಕಿಕೊಂಡು ಮೂಲೆಯ ಕಂಬದ ಪಕ್ಕ ನಿಂತ. ಮತ್ತೆ ಯಾರೂ ಬರಲಿಲ್ಲ. ಮಸೀದಿಯಿಂದ ಹೊರಟ ಗಂಡಸರು ಆಚೆ ದಾರಿ ಹಿಡಿದು ಗದ್ದೆಗಳಿಗೆ ಹೋಗುವುದು ಕಾಣುತ್ತಿತ್ತು.

ಹಮ್ಸಿನಾ ವಾರೆ ಏಣಿ ಹತ್ತಿ ಮೇಲೆ ನಿಂತಳು. ಕೆಳಗೆ ಕೇಳುವವನು ಇರಲಿಲ್ಲ. ಇಬ್ಬರು ಮುದುಕರನ್ನೂ, ಖಾಲಿ ದಾರಿಯನ್ನೂ ನೋಡಿ, ಯಾರೂ ಕೇಳದೆಯೇ ಹೇಳಿದಳು:

"ಅಟ್ಟ ಬರಿದು."