ಮರದಿಂದ ಇಳಿದ ಜೇನು

ಕಿಟೂಯಿ ಸೀಮೆಯ ಆ ಊರಿನಲ್ಲಿ ಕೈ ಬರಿದಾದವರು ಮರ ಕಡಿಸಿ ಇದ್ದಿಲು ಸುಡಿಸುತ್ತಾರೆ. ಮರ ಒಂದೇ ಸಲ ಉರಿಯುತ್ತದೆ. ಹಸಿವು ಮತ್ತೆ ಬರುತ್ತದೆ. ಇದು ಗೊತ್ತಿದ್ದೂ ಕಲೇಕ್ಯೆಯ ಅತ್ತೆ ಸ್ಯೊಕಾವು ಇದ್ದಿಲಿನವನಿಗೆ ಮಾತು ಕೊಟ್ಟುಬಿಟ್ಟಿದ್ದಳು. ನಾಳೆ ಬೆಳಿಗ್ಗೆ ಅವನು ಕೊಡಲಿ ತರುತ್ತಾನೆ. ಹೊಲದಂಚಿನ ಜಾಲಿಮರಗಳೆಲ್ಲ ಉರುಳುತ್ತವೆ.

ಆ ಜಾಲಿಯ ಹೂವನ್ನೇ ನಂಬಿಕೊಂಡು ಕಲೇಕ್ಯೆ ಪೆಟ್ಟಿಗೆಯಲ್ಲಿ ಜೇನು ಸಾಕಿದ್ದಳು.

"ಇವತ್ತು ಸಂಜೆ ನಿನ್ನ ಪೆಟ್ಟಿಗೆಯಿಂದ ಜೇನು ಬಂದ್ರೆ ಅವನನ್ನ ವಾಪಸ್ ಕಳಿಸ್ತೀನಿ" ಎಂದಳು ಅತ್ತೆ. "ಬರಲಿಲ್ವೋ, ನಿನ್ನ ಪೆಟ್ಟಿಗೆಯೂ ಅವನ ಇದ್ದಿಲ ಗುಂಡಿಗೇ."

ಆ ಕಡೆ ಜೇನುಗೂಡು ಅಂದರೆ ಕೊರೆದ ಮರದ ದಿಮ್ಮಿ. ದಪ್ಪ ಕಾಂಡದ ಬಾವೊಬಾಬ್ ಮರದ ತುದಿಗೊಂಬೆಗೆ ಅದನ್ನು ಕಟ್ಟುತ್ತಾರೆ. ಗಂಡಸರು ಹತ್ತುತ್ತಾರೆ, ಹೆಂಗಸರು ಕೆಳಗೆ ಪಾತ್ರೆ ಹಿಡಿದು ನಿಲ್ಲುತ್ತಾರೆ. ಕಲೇಕ್ಯೆಯ ಗಂಡ ದೂರದ ಮೊಂಬಾಸಾ ಪಟ್ಟಣದಲ್ಲಿ ಕೂಲಿಗಿದ್ದ. ಮೈದುನ ಮುಸೆಂಬಿ ಹೋದ ವರ್ಷ ಜೇನು ಓಡಿಸಲು ಉರಿಯುವ ಹುಲ್ಲಿನ ಕಟ್ಟು ಹಿಡಿದು ಮರ ಹತ್ತಿದವನು, ಬಿದ್ದು ತೊಡೆ ಮುರಿದುಕೊಂಡ. ಅಲ್ಲಿಗೆ ಮನೆಯ ಜೇನು ನಿಂತಿತು.

ಆಗ ಮಹಿಳಾ ಸಂಘದ ಮುಥೇವು ಕಲೇಕ್ಯೆಗೆ ಹೊಸ ಪೆಟ್ಟಿಗೆ ತೋರಿಸಿಕೊಟ್ಟಳು. ಮೇಲೆ ಸಾಲಾಗಿ ಮರದ ಪಟ್ಟಿ. ಪ್ರತಿ ಪಟ್ಟಿಗೂ ಜೇನುಮೇಣದ ಒಂದೊಂದು ಎರಿ. ಎರಡು ಕಂಬದ ನಡುವೆ ಸೊಂಟದೆತ್ತರಕ್ಕೆ ತಂತಿಯಲ್ಲಿ ತೂಗುಹಾಕಿದರೆ ಸಾಕು, ಯಾರೂ ಮರ ಹತ್ತಬೇಕಾಗಿಲ್ಲ.

"ಜೇನನ್ನ ಸೊಂಟಕ್ಕೆ ಇಳಿಸಿದೀರಿ ಅತ್ತಿಗೆ. ನಾಳೆ ಕೋಳಿಗೆ ಹಾಕಿದ ಹಾಗೆ ಕಾಳೂ ಹಾಕ್ತೀರೇನೋ" ಎಂದು ಮುಸೆಂಬಿ ನಕ್ಕಿದ್ದ.

ಸಂಜೆ ಬಿಸಿಲು ಇಳಿಯಿತು. ಕಲೇಕ್ಯೆ ಗಂಡನ ಹಳೇ ಕೋಟು ತೊಟ್ಟು, ಮುಖಕ್ಕೆ ಸೊಳ್ಳೆಪರದೆ ಕಟ್ಟಿ ಪೆಟ್ಟಿಗೆಯ ಮುಂದೆ ನಿಂತಳು. ಮುಥೇವು ತಗಡಿನ ಡಬ್ಬಿಯಲ್ಲಿ ಒಣ ಸಗಣಿ ಹೊಗೆಯಾಡಿಸಿ ಕೈಗೆ ಕೊಟ್ಟಳು.

"ಹಿಂದಿನ ಪಟ್ಟಿಯಿಂದ ಶುರುಮಾಡು. ಅವಸರ ಬೇಡ."

"ಜೇನು ಮೈಮೇಲೆ ಬಂದ್ರೆ ಅಕ್ಕಾ?"

"ಬರಲಿ ಬಿಡು. ಪಟ್ಟಿ ಅಲ್ಲಾಡಬಾರದು ಅಷ್ಟೇ."

ಮೊದಲ ಎರಿ ಮೇಲೆ ಬಂತು. ಬೆಳ್ಳಗೆ, ಭಾರವಾಗಿ. ಅಷ್ಟರಲ್ಲೇ ಆಡಿನ ಗಂಟೆ ಕೇಳಿಸಿತು. ಇವತ್ತು ಆಡುಗಳನ್ನು ಬಳಸುದಾರಿಯಲ್ಲಿ ಹೊಡೆದು ತನ್ನಿ ಎಂದು ಕಲೇಕ್ಯೆಯೂ ಮುಥೇವೂ ಬೆಳಿಗ್ಗೆಯೇ ಅತ್ತೆಗೆ ಹೇಳಿದ್ದರು. "ನನ್ನ ಆಡಿಗೆ ದಾರಿ ತೋರಿಸೋಕೆ ನೀವ್ಯಾರು" ಎಂದಿದ್ದ ಅತ್ತೆ ದಿನದ ದಾರಿಯಲ್ಲೇ ಬಂದಳು. ಮುಂದಿನ ಹೋತ ಕಂಬಕ್ಕೆ ಮೈ ಉಜ್ಜಿತು. ಪೆಟ್ಟಿಗೆ ತೂಗಾಡಿತು.

ಒಳಗಿನ ಗುಂಯ್‌ಗುಡುವಿಕೆ ಒಮ್ಮೆಲೇ ಏರಿತು. ಜೇನು ಹೊರಗೆ ಸುರಿಯತೊಡಗಿತು. ಒಂದು ಆಡಿನ ಮರಿ ಕಿರುಚಿತು. ಕುಟುಕಿಸಿಕೊಂಡ ಅತ್ತೆ ತುಟಿ ಹಿಡಿದುಕೊಂಡಳು.

ಹತ್ತಿರದಲ್ಲೇ ನಿಂತು ನೋಡುತ್ತಿದ್ದ ಮುಸೆಂಬಿ ಹುಲ್ಲಿನ ಕಟ್ಟಿಗೆ ಕಡ್ಡಿ ಗೀರಿದ. "ಸರೀರಿ ಅತ್ತಿಗೆ. ಅಪ್ಪ ಹೀಗೇ ಮಾಡ್ತಿದ್ದದ್ದು."

ಕಲೇಕ್ಯೆ ಪೆಟ್ಟಿಗೆಗೂ ಬೆಂಕಿಗೂ ನಡುವೆ ನಿಂತಳು. ಮಣಿಕಟ್ಟಿಗೆ ಎರಡು ಕಡೆ ಕುಟುಕಿತ್ತು. ಅವಳು ಕೈ ಕೊಡವಲಿಲ್ಲ.

"ಬೆಂಕಿ ಇಟ್ರೆ ಅರ್ಧ ಜೇನು ಸಾಯ್ತದೆ. ಉಳಿದದ್ದು ನಿಮ್ಮಮ್ಮನ ಮೇಲೆ ಬೀಳ್ತದೆ. ಆರಿಸು. ಅಮ್ಮನ್ನ ಕರ್ಕೊಂಡು ಹೋಗು."

ಅವನು ಬೆಂಕಿ ನೋಡಿದ, ತಾಯಿಯನ್ನು ನೋಡಿದ. ಕಟ್ಟನ್ನು ಮರಳಿಗೆ ತುರುಕಿ, ಕುಂಟುತ್ತ ಹೋಗಿ ಹೋತದ ಕೊಂಬು ಹಿಡಿದೆಳೆದ. "ಅಮ್ಮಾ, ಕೈ ಬೀಸಬೇಡ. ಮುಖ ಮುಚ್ಕೊಂಡು ನನ್ನ ಹಿಂದೆ ಬೇಗ ಬಾ."

ಕಲೇಕ್ಯೆ ಪಟ್ಟಿ ಮುಚ್ಚಿ, ನಿಧಾನವಾಗಿ ಹೊಗೆ ಊದಿದಳು. ಕಾದಳು. ಕೋಟಿನ ತೋಳಿನ ಮೇಲೆಲ್ಲ ಜೇನು ಹರಿದಾಡುತ್ತಿತ್ತು. ಬಹಳ ಹೊತ್ತಿನ ಮೇಲೆ ಸದ್ದು ಇಳಿಯಿತು. ಮತ್ತೆ ಪಟ್ಟಿ ಎತ್ತಿದಳು.

ಬಕೆಟ್ಟು ಮುಕ್ಕಾಲು ತುಂಬಿದಾಗ ಮುಸೆಂಬಿ ಹಿಂದಿರುಗಿದ. "ಇನ್ನೂ ಎರಿ ಇದೆಯಲ್ಲ, ಯಾಕೆ ಮುಚ್ತೀರಿ?"

"ಅದು ಜೇನುಮರಿಗಳ ಮನೆ ಕಣೋ" ಎಂದಳು ಮುಥೇವು. "ಅದನ್ನೂ ಕಿತ್ರೆ ಮುಂದಿನ ಸಲ ಬರೀ ಪೆಟ್ಟಿಗೆ ನೆಕ್ಕಬೇಕು."

ಅಂಗಳದಲ್ಲಿ ಅತ್ತೆ ಊದಿದ ತುಟಿಯ ಸಂದಿಯಿಂದ ಒಂದು ತುಂಡು ಎರಿ ಬಾಯಿಗೆ ಹಾಕಿಕೊಂಡಳು. ಚೀಪಿದಳು. ನಾಲಿಗೆಯಲ್ಲಿ ಏನನ್ನೋ ಹುಡುಕಿದಳು.

"ಇದರಲ್ಲಿ ಬೂದಿ ಇಲ್ವಲ್ಲ" ಎಂದಳು ಅತ್ತೆ ಕೊನೆಗೆ.

"ಬೆಂಕಿ ಇಡಲಿಲ್ವಲ್ಲ ಅತ್ತೆ."

"ಇಷ್ಟು ವರ್ಷ ಜೇನಿನ ರುಚಿನೇ ಅದು ಅಂದ್ಕೊಂಡಿದ್ದೆ."

ಬೆಳಿಗ್ಗೆ ಇದ್ದಿಲಿನವನು ಬಂದ. ಅತ್ತೆ ಜಾಲಿಮರದ ಬುಡದಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು.

"ಮರ ಕೊಡಲ್ಲಪ್ಪ."

"ಮಾತು ಕೊಟ್ಟಿದ್ರಲ್ಲ ಅಜ್ಜಿ?"

"ಕೊಟ್ಟಿದ್ದೆ. ಆಗ ಸೊಸೆ ಕೆಲಸ ನೋಡಿರಲಿಲ್ಲ. ನನ್ನ ತುಟಿ ನೋಡು. ಮರಕ್ಕೆ ಕಾವಲು ಯಾರಿದಾರೆ ಅಂತ ಗೊತ್ತಾಗ್ತದೆ."

ಮನೆಯ ಹಿಂದೆ ಮುಸೆಂಬಿ ಹಲಗೆ ಕೊಯ್ಯುತ್ತಿದ್ದ. ಸಂಘದ ಇನ್ನೂ ಮೂವರು ಹೆಂಗಸರು ಪೆಟ್ಟಿಗೆ ಬೇಕೆಂದಿದ್ದರು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ತಮ್ಮಂದಿರೇ, ಜೇನು ಸಾಕಲು ದೊಡ್ಡ ಹೊಲ ಬೇಡ, ಮರ ಹತ್ತುವ ಗಂಡಾಳೂ ಬೇಡ. ಪೆಟ್ಟಿಗೆಯನ್ನು ಜನ, ದನ, ಆಡು ಓಡಾಡುವ ದಾರಿಯಿಂದ ದೂರ ಇಡಿ. ಬೆಂಕಿ ಬೇಡ, ಹೊಗೆ ಸಾಕು. ಮರಿ ಇರುವ ಎರಿ ಮುಟ್ಟಬೇಡಿ. ಮೊದಲ ಸಲ ಎರಿ ತೆಗೆಯುವಾಗ ಕೆಲಸ ಬಲ್ಲವರನ್ನು ಜೊತೆಗಿಟ್ಟುಕೊಳ್ಳಿ. ಮತ್ತೆ ಅತ್ತೆಯರೇ, ನಿಮ್ಮ ಮನೆಯ ಸೊಸೆಯೋ ಮಗಳೋ ಹೊಸ ಕೆಲಸಕ್ಕೆ ಕೈ ಹಾಕಿದರೆ, ಆಗುವುದಿಲ್ಲ ಎನ್ನುವ ಮೊದಲು ಒಂದು ಸಂಜೆ ಅವಳ ಪಕ್ಕ ನಿಂತು ನೋಡಿ. ಮುಖಕ್ಕೆ ಪರದೆ ಕಟ್ಟಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.