ಅದಲುಬದಲಾದ ಕಾರ್ಡುಗಳು

ಆಸ್ಪತ್ರೆಯ ಲ್ಯಾಬಿನ ಸರ್ವರ್ ಮತ್ತೆ ಆಫ್ ಆದಾಗ ಅದನ್ನು ನೋಡಿಕೊಳ್ಳುವ ಕಂಪನಿಯ ಸುಹಾಸಿನಿ ಅಲ್ಲಿನ ಹಿರಿಯ ವೈದ್ಯರ ಮುಂದೆಯೇ ಕುಳಿತಿದ್ದಳು. ಆಪರೇಷನ್ ಟೇಬಲ್ ಮೇಲೆ ಪೇಶಂಟ್ ಮಲಗಿದ್ದಾನೆ, ರಕ್ತದ ರಿಪೋರ್ಟ್ ತೆರೆಯುತ್ತಿಲ್ಲ ಎಂದು ಯಾರೋ ಫೋನಿನಲ್ಲಿ ಕೂಗುತ್ತಿದ್ದುದು ಅವಳಿಗೂ ಕೇಳಿಸಿತು. ವೈದ್ಯರು ಏನೂ ಬಯ್ಯಲಿಲ್ಲ. ಬಾಗಿಲು ತೋರಿಸಿದರು, ಅಷ್ಟೇ.

ತೆಲುಗು ನಾಡಿನ ಮಾದಾಪುರದಲ್ಲಿದ್ದ ಕಂಪನಿಯ ಆಫೀಸಿನಲ್ಲಿ ಮ್ಯಾನೇಜರ್ ಗೋಪಿನಾಥ ಕಾಯುತ್ತಿದ್ದ.

"ಕೌಸ್ತುಭ ನೋಡ್ಕೊಳ್ತಿದ್ದಾಗ ಒಂದು ಸಲವೂ ಹೀಗಾಗಿರ್ಲಿಲ್ಲ."

"ಸರ್, ಸರ್ವರ್ ತಾನಾಗೇ ಆಫ್ ಆಗಾಕತ್ತಿಲ್ಲ. ಯಾರೋ ಮಾಡಾಕತ್ತಾರ."

ಕಂಪನಿ ನೋಡಿಕೊಳ್ಳುತ್ತಿದ್ದ ಸರ್ವರುಗಳಲ್ಲಿ ಒಂದೊಂದರೊಳಗೂ ಅಂಗೈಯಗಲದ ಒಂದು ಕಾರ್ಡು ಇತ್ತು. ಅದಕ್ಕೆ ತನ್ನದೇ ಕೇಬಲ್, ತನ್ನದೇ ನೆಟ್‌ವರ್ಕ್ ವಿಳಾಸ. ಸರ್ವರ್ ಆಫ್ ಆಗಿದ್ದರೂ ಕಾರ್ಡು ಎಚ್ಚರವಾಗಿರುತ್ತಿತ್ತು. ಪಾಸ್‌ವರ್ಡ್ ಗೊತ್ತಿದ್ದವರು ಎಲ್ಲೋ ಕುಳಿತು ಸರ್ವರನ್ನು ಆನ್ ಮಾಡಬಹುದಿತ್ತು, ಆಫ್ ಕೂಡ. ಅವನ್ನೆಲ್ಲ ಜೋಡಿಸಿದವನು ಮೈಸೂರಿನ ಕೌಸ್ತುಭ. ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿದ್ದರಿಂದ ಒಳಹೊಕ್ಕವರು ಯಾರೆಂದು ತಿಳಿಯುವಂತಿರಲಿಲ್ಲ. ಯುಗಾದಿಯ ನಂತರ ಆಸ್ಪತ್ರೆಯ ಕೆಲಸವನ್ನು ಅವನಿಂದ ತೆಗೆದು ರಾಯಚೂರಿನ ಸುಹಾಸಿನಿಗೆ ಕೊಟ್ಟಿದ್ದರು. ಅಂದಿನಿಂದ ಅವನು ಅವಳ ಮುಖ ನೋಡಿ ಮಾತಾಡಿರಲಿಲ್ಲ.

"ಸಾಕ್ಷಿ ಇದ್ಯಾ?" ಎಂದ ಗೋಪಿನಾಥ. "ಇಲ್ಲ ಅಂದ್ರೆ ಸುಮ್ನೆ ಇನ್ನೊಬ್ಬರ ಮೇಲೆ ಕೆಸರು ಎರಚಬೇಡಿ."

ಹೊರಗೆ ಬಂದರೆ ಕೌಸ್ತುಭ ಗೋಡೆಗೊರಗಿ ನಗುತ್ತಿದ್ದ. "ಕೈಲಾಗದಿದ್ರೆ ಬಿಟ್ಬಿಡಿ ಸುಹಾಸಿನಿ. ಊರಲ್ಲಿ ಯಾವುದಾದ್ರೂ ಸ್ಕೂಲಲ್ಲಿ ಪಾಠ ಮಾಡಿ. ನಿಮ್ಮ ಭಾಷೆ ಅಲ್ಲಿ ನಡೆಯುತ್ತೆ."

ಅವಳ ಕಿವಿ ಬಿಸಿಯಾಯಿತು. ಪಾಸ್‌ವರ್ಡ್ ಬದಲಿಸಿದರೆ ಕಾಟವೇನೋ ನಿಲ್ಲುತ್ತಿತ್ತು. ಆದರೆ ತಪ್ಪು ಅವಳ ತಲೆಯ ಮೇಲೇ ಉಳಿಯುತ್ತಿತ್ತು. ಇವನು ಸಿಕ್ಕಿಬೀಳಬೇಕು, ಅದೂ ಎಲ್ಲರೆದುರು.

ಗುರುವಾರ ಆಸ್ಪತ್ರೆಯವರು ಆಫೀಸಿಗೇ ಬರುವವರಿದ್ದರು. ಮೊದಲು ಲ್ಯಾಬ್ ಸರ್ವರಿನ ತೊಂದರೆಯ ಬಗ್ಗೆ ಸುಹಾಸಿನಿಯ ಮಾತು, ಆಮೇಲೆ ಕೌಸ್ತುಭನ ತಂಡದ ಹೊಸ ಸಾಫ್ಟ್‌ವೇರಿನ ಡೆಮೊ. ಅಂದು ಬೆಳಿಗ್ಗೆ ಅವಳು ಲ್ಯಾಬ್ ಸರ್ವರ್ ಮತ್ತು ಡೆಮೊ ಸರ್ವರಿನ ಕಾರ್ಡುಗಳ ವಿಳಾಸ ಅದಲುಬದಲು ಮಾಡಿದಳು. ಇನ್ನು ಲ್ಯಾಬ್ ಸರ್ವರನ್ನು ಆಫ್ ಮಾಡಹೊರಟವನ ಕೈಯಲ್ಲಿ ಆಫ್ ಆಗುವುದು ಡೆಮೊ ಸರ್ವರ್.

ಅವಳು ಮಾತು ಶುರುಮಾಡಿದಳು. ಮೇಜಿನ ತುದಿಯಲ್ಲಿ ಕೌಸ್ತುಭ ಮಡಿಲಲ್ಲಿ ಫೋನಿಟ್ಟುಕೊಂಡು ಬೆರಳಾಡಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನ ತಂಡದ ಐಶ್ವರ್ಯಾ ಬಾಗಿಲು ದೂಡಿಕೊಂಡು ಬಂದಳು.

"ಡೆಮೊ ಸರ್ವರ್ ಹೋತ್ರಿ! ಡಾಟಾ ತುಂಬಾಕತ್ತಿದ್ದೆ, ನಡುವ ಬಂದ್ ಆತು. ಎಲ್ಲಾ ಕೆಟ್ಟೈತಿ!"

"ಡೆಮೊ ಹೇಗಾಗುತ್ತೆ?" ಕೌಸ್ತುಭ ಫೋನ್ ನೋಡುತ್ತಲೇ ರೇಗಿದ. "ನಾನು ಒತ್ತಿದ್ದು ಲ್ಯಾಬ್‌ದು..."

ಲ್ಯಾಬ್ ಎಂಬ ಮಾತು ಕೇಳಿ ಎಲ್ಲರ ಕಣ್ಣೂ ಅವನ ಫೋನಿನ ಮೇಲೆ ಬಿತ್ತು. ಹಿರಿಯ ವೈದ್ಯರು ಎದ್ದು ನಿಂತು ಗೋಪಿನಾಥನಿಗೆ ತೆಲುಗಿನಲ್ಲಿ ಒಂದೇ ಮಾತು ಹೇಳಿದರು: ಇವನನ್ನು ಹೊರಗೆ ಕಳಿಸಿ.

ಸಂಜೆಯೊಳಗೆ ಅವನ ಐಡಿ ಕಾರ್ಡ್ ಕಿತ್ತುಕೊಂಡರು. ಹೋಗುವಾಗ ಅವಳ ಮೇಜಿನ ಬಳಿ ನಿಂತ. "ಗೆದ್ದೆ ಅಂದ್ಕೋಬೇಡ."

"ನಡೀರಿ. ಲಿಫ್ಟ್ ಆ ಕಡೆ ಐತಿ."

ಸುಹಾಸಿನಿ ಕಾರ್ಡುಗಳಿಗೆಲ್ಲ ಬೇರೆ ಬೇರೆ ಪಾಸ್‌ವರ್ಡ್ ಹಾಕುತ್ತಿದ್ದಾಗ ಐಶ್ವರ್ಯಾ ಬಂದಳು. ಅತ್ತು ಕಣ್ಣು ಕೆಂಪಾಗಿತ್ತು.

"ಡೆಮೊ ಹೋಗ್ತದಂತ ನಿಮಗ ಮೊದಲೇ ಗೊತ್ತಿತ್ತು. ಹೌದಲ್ರಿ?"

"ಅಂವ ಒತ್ತದಿದ್ರ ಹೋಗ್ತಿರಲಿಲ್ಲ."

"ಒಂದು ಮಾತು ನನಗ ಹೇಳಿದ್ರ, ಡಾಟಾ ಬ್ಯಾರೆ ಕಡೆ ತೆಗೆದಿಡ್ತಿದ್ದೆ."

"ಹೇಳಿದ್ರ ಅವನ ಕಿವಿಗೆ ಬೀಳ್ತಿತ್ತು."

"ಅಂದ್ರ ನಾನು ಅವನ ಚಾಡಿಕೋರಿ ಅಂತ ತಿಳಿದ್ರಿ." ಐಶ್ವರ್ಯಾ ಕಣ್ಣೊರೆಸಿಕೊಂಡಳು. "ಅಂವ ನಿಮ್ಮ ಕೆಲಸ ಕೆಡಿಸಿದ. ನೀವು ನನ್ನದು ಕೆಡಿಸಿದ್ರಿ. ನಿಮಗೂ ಅವನಿಗೂ ಏನ್ರಿ ಫರಕ್?"

ಸುಹಾಸಿನಿ ಬಾಯಿ ತೆರೆದಳು. ತಪ್ಪಾಯಿತು ಎನ್ನಲು ಎದೆಯೊಳಗಿನ ಸಿಟ್ಟು ಬಿಡಲಿಲ್ಲ. ತಪ್ಪಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಐಶ್ವರ್ಯಾ ಉತ್ತರಕ್ಕೆ ಕಾಯದೆ ಹೋಗಿಬಿಟ್ಟಳು.