ಮಾವಿನ ಕೊಂಬೆಯ ಎಂಜಿನ್

"ಹ್ವಾಯ್, ಮೊದ್ಲ್ ಆ ಎಂಜಿನ್ ಇಳ್ಸಿ. ನಾನ್ ಕೊಡ್ಲಿ ಹಾಕ್ರೆ ತಲಿ ಮೇಲೇ ಬೀಳತ್ತ್," ಎಂದು ಮರ ಕಡಿಯಲು ಬಂದ ಚಂದು ಕೊಡಲಿ ಕೆಳಗಿಟ್ಟ.

ಸತ್ತವರ ಹಿತ್ತಿಲಿನ ಮಾವಿನ ಮರವೇ ಚಿತೆಗೆ ಆಗಬೇಕು, ಈ ಕಡೆಯ ಪದ್ಧತಿ ಹಾಗೆ. ಹಟ್ಟಿಯಂಗಡಿಯ ಮೆಕ್ಯಾನಿಕ್ ಭೋಜರಾಜನ ಹಿತ್ತಿಲಲ್ಲಿ ಇದ್ದದ್ದು ಒಂದೇ ಮಾವು. ಅದರ ಕೊಂಬೆಗೇ ಸರಪಳಿ ಸುತ್ತಿ ಅವನು ಒಂದು ಕಾರಿನ ಎಂಜಿನ್ ತೂಗುಹಾಕಿದ್ದ. ಶೆಡ್ಡಿನ ತೊಲೆ ಆ ಭಾರ ತಡೆಯುತ್ತಿರಲಿಲ್ಲ, ಏನು ಮಾಡುತ್ತಾನೆ ಪಾಪ. ಬೆಳಿಗ್ಗೆ ಅದೇ ಮರದ ಬುಡದಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದ. ಈಗ ಹೆಣವಾಗಿ ಜಗಲಿಯ ಚಾಪೆಯ ಮೇಲಿದ್ದ. ಮೀಯಿಸಿದರೂ ಉಗುರಿನ ಗ್ರೀಸು ಹೋಗಿರಲಿಲ್ಲ.

ತಮ್ಮ ಜಿತೇಂದ್ರ ಸರಪಳಿಗೆ ಕೈ ಹಾಕುವಾಗ ಭೋಜರಾಜನ ಹೆಂಡತಿ ವನಜ ಎದ್ದು ಬಂದಳು. ಹೆಣದ ಹತ್ತಿರದಿಂದ ಹೀಗೆ ಏಳುವುದುಂಟೇ ಎಂದು ಯಾರೋ ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

"ಜಿತೇಂದ್ರ, ಅದನ್ನ್ ಕಾರಿಗೆ ಕೂರ್ಸ್. ಒಂದ್ ಸಲ ಸ್ಟಾರ್ಟ್ ಮಾಡ್. ಅವ್ರ್ ಸದ್ದ್ ಕೇಂಡ್ಕಂಡ್ ಹೋಯ್ಲಿ."

"ಹೊತ್ತಿಲ್ಲೆ, ಅತ್ತಿಗೆ."

"ಕೆಲ್ಸ ಎಲ್ಲಾ ಮುಗ್ದಿತ್ತ್. ಕೂರ್ಸುದ್ ಒಂದೇ ಬಾಕಿ ಅಂದ್ಹೇಳಿ ನಿನ್ನೆ ಸಂಜಿಗೂ ಹೇಳಿರ್."

*

ಬೊಂಬಾಯಿಯಲ್ಲಿ ಹೋಟೆಲಿಟ್ಟಿದ್ದ ಒಬ್ಬರು ವರ್ಷಗಳ ಹಿಂದೆ ಆ ಕೆಂಪು ಕಾರನ್ನು ಭೋಜರಾಜನ ಶೆಡ್ಡಿನಲ್ಲಿ ಬಿಟ್ಟು ಹೋಗಿದ್ದರು. ಎರಡೇ ಸೀಟಿನ, ಮೇಲೆ ಮುಚ್ಚಿಗೆಯಿಲ್ಲದ, ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು. ನೋಡಲು ರಾಜ, ಘಾಟಿ ಹತ್ತುವಾಗ ಎಮ್ಮೆ. ದಮ್ಮು ಹೆಚ್ಚಿಸಿ ಕೊಡು ಎಂದಿದ್ದರು. ಆಮೇಲೆ ಅವರು ತೀರಿಕೊಂಡರು, ಮಕ್ಕಳು ಕಾರು ಕೇಳಿಕೊಂಡು ಬರಲಿಲ್ಲ. ಭೋಜರಾಜನ ಹುಚ್ಚು ಮಾತ್ರ ಇಳಿಯಲಿಲ್ಲ. ಸಿಲಿಂಡರ್ ಕೊರೆದು ಅಗಲ ಮಾಡಿ ದೊಡ್ಡ ಪಿಸ್ಟನ್ ಹಾಕಿದರೆ ಹಾರಿಕೊಂಡು ಹೋಗುತ್ತದೆ ಎಂದ. ಒಮ್ಮೆ ಕೊರೆಸಿದ. ಸಾಲದೆಂದು ಮತ್ತೊಮ್ಮೆ ಕೊರೆಸಿದ. ಇನ್ನು ಕೊರೆದರೆ ಗೋಡೆ ಉಳಿಯುವುದಿಲ್ಲ ಎಂದು ಲೇತಿನವನು ಕೈ ಮುಗಿದ. ಭೋಜರಾಜ ಬೇರೆ ಲೇತಿಗೆ ಹೊತ್ತುಕೊಂಡು ಹೋದ, ಮಹಾರಾಯ.

ಆಮೇಲೆ ಶುರುವಾಯಿತು "ನಾಳೆ" ಎಂಬುದು. ಸಂಜೆ ವನಜ ಶೆಡ್ಡಿಗೆ ಚಾ ತಂದರೆ ಎಂಜಿನ್ನಿಲ್ಲದ ಕಾರಿನ ಎಡಗಡೆ ಸೀಟಿನಲ್ಲಿ ಅವಳನ್ನು ಕೂರಿಸುತ್ತಿದ್ದ.

"ನಾಳೆ ಮರವಂತೆಗೆ ಹೋಪ. ಸೆರಗ್ ಗಟ್ಟಿ ಹಿಡ್ಕೋ, ಕಡಲ್ ಗಾಳಿಗೆ ಹಾರತ್ತ್."

ಅವಳು ನಿಜಕ್ಕೂ ಹಿಡಿದುಕೊಳ್ಳುತ್ತಿದ್ದಳು. ಮಕ್ಕಳಿಲ್ಲದ ಮನೆ. ಅವಳು ಆಸೆಪಟ್ಟು ಕಾದದ್ದು ಅದೊಂದಕ್ಕೇ.

*

ಎಂಜಿನ್ ನೆಲ ಮುಟ್ಟಿತು. ಮೇಲಿನ ಮುಚ್ಚಳ ಎರಡೇ ಬೋಲ್ಟಿನಲ್ಲಿ ನಿಂತಿತ್ತು. ಜಿತೇಂದ್ರ ಬಿಚ್ಚಿ ನೋಡಿದ. ಒಳಗೆ ಪಿಸ್ಟನ್ನೇ ಇರಲಿಲ್ಲ. ಸಿಲಿಂಡರಿನ ಗೋಡೆ ಮೇಲಿನಿಂದ ಕೆಳಗಿನವರೆಗೆ ಸೀಳಿಹೋಗಿತ್ತು, ಸೀಳಿನ ತುಂಬ ತುಕ್ಕು. ಹೊರಗೆ ಮಾತ್ರ ಹೊಸ ಬೆಳ್ಳಿ ಬಣ್ಣ ಮಿರಮಿರ ಮಿಂಚುತ್ತಿತ್ತು.

ಬ್ಯಾಟರಿ ಇಲ್ಲ ಎಂದು ಅತ್ತಿಗೆಗೆ ನೆಪ ಹೇಳಿ ನೋಡಿದ. ಪಕ್ಕದ ಮನೆಯ ರಿಕ್ಷಾದ್ದು ತರಿಸು ಎಂದಳು. ಅವನಿಗೆ ಸಾಕಾಯಿತು. ಅವಳ ಬೆರಳು ಹಿಡಿದು ಸಿಲಿಂಡರಿನೊಳಗೆ ಇಳಿಸಿದ.

"ಇದ್ ಸ್ಟಾರ್ಟ್ ಆಪ್ದಲ್ಲ, ಅತ್ತಿಗೆ. ಒಡ್ದ್ ವರ್ಷಗಟ್ಲೆ ಆಯ್ತ್. ಅಣ್ಣಂಗೆ ಗೊತ್ತಿದ್ದಿತ್."

ಸೀಳಿನ ಅಂಚಿಗೆ ಬೆರಳು ತಾಗಿತು. ವನಜ ಅದನ್ನು ಹೊರಗೆಳೆದು ತುಕ್ಕು ನೋಡಿದಳು, ಸೀರೆಗೆ ಒರೆಸಿಕೊಂಡಳು.

"ಅವ್ರ್ ನನ್ನತ್ರ ಹೇಳ್ಲಕ್ಕಿತ್ತ್," ಎಂದಳು. ಆಮೇಲೆ ಚಂದುವಿನ ಕಡೆ ತಿರುಗಿ, "ಕಡಿ," ಎಂದಳು.

ಹಿತ್ತಿಲಾಚೆಯ ಚಿತೆಯಲ್ಲಿ ಹಸಿ ಮರ ಬೇಗ ಹತ್ತಿಕೊಳ್ಳಲಿಲ್ಲ. ಸರಪಳಿ ಉಜ್ಜಿ ಉಜ್ಜಿ ಗೀರು ಬಿದ್ದಿದ್ದ ಕೊಂಬೆಯನ್ನು ಯಾರೋ ಭೋಜರಾಜನ ಎದೆಯ ಮೇಲೆಯೇ ಇಟ್ಟಿದ್ದರು. ಹೆಂಗಸರೆಲ್ಲ ಒಳಗೆ ಹೋದರು. ಅತ್ತಿಗೆ ಕಾಣಿಸುವುದಿಲ್ಲವಲ್ಲ ಎಂದು ಜಿತೇಂದ್ರ ಹುಡುಕಿಕೊಂಡು ಶೆಡ್ಡಿಗೆ ಬಂದ.

ಅವಳು ಕಾರಿನ ಎಡಗಡೆ ಸೀಟಿನಲ್ಲಿ ಕೂತಿದ್ದಳು. ಚಿತೆಯ ಹೊಗೆ ಗಾಳಿಗೆ ಶೆಡ್ಡಿನೊಳಗೆ ನುಗ್ಗಿ, ಎಂಜಿನ್ ಇರಬೇಕಾದ ಗುಂಡಿಯಲ್ಲಿ ತುಂಬಿ, ತೆರೆದ ಬಾನೆಟ್ಟಿನಿಂದ ಮೇಲೇಳುತ್ತಿತ್ತು. ವನಜ ಎದುರಿಗೇ ನೋಡುತ್ತ, ಸೆರಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.